ಒಂದು ಸಲಕ್ಕೆ ಒಂದೇ ಬದಲಾವಣೆ: ರ‍್ಯಾಮ್ ಹಾಕಿದ ಮೇಲೆ ಕೈಕೊಟ್ಟ ಕಂಪ್ಯೂಟರ್‌ನಿಂದ ಒಂದು ವಿಜ್ಞಾನ ಪಾಠ

ಪಾಠದ ಹಿನ್ನೆಲೆ

ಬೋಧನಾಭ್ಯಾಸಕ್ಕೆ ನನಗೆ ಮೂಡಲಗಿ ತಾಲೂಕಿನ ಒಂದು ಪ್ರೌಢಶಾಲೆ ದೊರೆತಿತ್ತು. ಅಲ್ಲಿಯ ಕಂಪ್ಯೂಟರ್ ವಿಂಡೋಸ್ 7ರಲ್ಲಿ ನಡೆಯುತ್ತಿತ್ತು. 2 ಜಿಬಿ ರ‍್ಯಾಮ್ ಸಾಲದೆಂದು ಗೋಕಾಕದಿಂದ ಇನ್ನೊಂದು 2 ಜಿಬಿ ಪಟ್ಟಿ ತರಿಸಿ, ಖಾಲಿಯಿದ್ದ ಎರಡನೆಯ ಸ್ಲಾಟಿಗೆ ಹಾಕಿಸಿದ್ದರು. ಅಂದಿನಿಂದ ಯಂತ್ರ ಚಾಲೂ ಆಗುವಾಗ ವಿಂಡೋಸ್ ಚಿಹ್ನೆ ಕಾಣಿಸುತ್ತಿತ್ತು, ಪರದೆ ಒಂದು ಕ್ಷಣ ನೀಲಿಯಾಗುತ್ತಿತ್ತು, ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. "ಫಾರ್ಮ್ಯಾಟ್ ಮಾಡಿಸಿಬಿಡೋಣ" ಎಂಬ ಮಾತು ಶಾಲೆಯಲ್ಲಿ ಬಂದಿತ್ತು. ಆದರೆ ಅದರ ಹಾರ್ಡ್ ಡಿಸ್ಕಿನಲ್ಲಿ ಹತ್ತನೆಯ ತರಗತಿಯ ರೂಪಣಾತ್ಮಕ ಮೌಲ್ಯಮಾಪನದ ಅಂಕಗಳಿದ್ದವು, ಬೇರೆ ಪ್ರತಿ ಇರಲಿಲ್ಲ. ಮುಖ್ಯೋಪಾಧ್ಯಾಯರ ಮತ್ತು ಮಾರ್ಗದರ್ಶಿ ಶಿಕ್ಷಕರ ಒಪ್ಪಿಗೆ ಪಡೆದು, ಈ ದೋಷವನ್ನೇ ಒಂಬತ್ತನೆಯ ತರಗತಿಗೆ ಪಾಠವಾಗಿ ಯೋಜಿಸಿದೆ.

ಕಲಿಕಾ ಫಲಗಳು

ವಿದ್ಯಾರ್ಥಿಯು ಒಂದು ದೋಷಕ್ಕೆ ಇರಬಹುದಾದ ಕಾರಣಗಳನ್ನು ಪಟ್ಟಿ ಮಾಡುವನು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಪರೀಕ್ಷಿಸುವನು. ಪ್ರತಿ ಫಲಿತಾಂಶದಿಂದ ಯಾವ ಕಾರಣ ಬಿದ್ದುಹೋಯಿತು, ಯಾವುದು ಉಳಿಯಿತು ಎಂದು ಹೇಳುವನು.

ಪೂರ್ವಸಿದ್ಧತೆ ಮತ್ತು ಎಚ್ಚರಿಕೆ

ಯಂತ್ರ ಬಿಚ್ಚುವ ಕೆಲಸ ಶಿಕ್ಷಕರದು, ಏನು ಪರೀಕ್ಷಿಸಬೇಕೆಂಬ ತೀರ್ಮಾನ ಮಕ್ಕಳದು ಎಂದು ಮೊದಲೇ ಹಂಚಿಕೊಂಡೆವು. ಪ್ರತಿ ಸಲ ಪ್ಲಗ್ ಕಿತ್ತು, ಪವರ್ ಬಟನ್ನನ್ನು ಐದಾರು ಸೆಕೆಂಡು ಒತ್ತಿ ಹಿಡಿದು, ಪೆಟ್ಟಿಗೆಯ ಲೋಹವನ್ನು ಮುಟ್ಟಿದ ಮೇಲೆಯೇ ರ‍್ಯಾಮ್‌ಗೆ ಕೈಹಾಕಬೇಕು. ನಮ್ಮ ಮೈಯಲ್ಲಿ ಸಂಗ್ರಹವಾದ ಸ್ಥಾಯೀ ವಿದ್ಯುತ್ತು ಚಿಪ್ಪನ್ನು ಕೆಡಿಸಬಲ್ಲದು. ಬಾಚಣಿಕೆಯಿಂದ ಕಾಗದದ ಚೂರನ್ನು ಸೆಳೆಯುವ ಎಂಟನೆಯ ತರಗತಿಯ ಚಟುವಟಿಕೆಯನ್ನು ಇಲ್ಲಿ ನೆನಪಿಸಿದರೆ ಮಕ್ಕಳಿಗೆ ಕಾರಣ ಕೂಡಲೇ ತಿಳಿಯುತ್ತದೆ. ಪಟ್ಟಿಯ ಅಂಚನ್ನಷ್ಟೇ ಹಿಡಿಯಬೇಕು. ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾರೂ ಬಿಚ್ಚಕೂಡದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುದಂಶ ಉಳಿದಿರಬಹುದು.

ಎರಡೂ ಪಟ್ಟಿಗಳು ಡಿಡಿಆರ್ 3 ಎಂದು ಮೊದಲು ಖಚಿತಪಡಿಸಿಕೊಂಡೆ. ಡಿಡಿಆರ್ 2 ಮತ್ತು ಡಿಡಿಆರ್ 3 ಎರಡಕ್ಕೂ 240 ಸಂಪರ್ಕ ಬಿಂದುಗಳಿದ್ದರೂ ಕಚ್ಚಿನ ಜಾಗ ಬೇರೆ, ವೋಲ್ಟೇಜೂ ಬೇರೆ: ಮೊದಲನೆಯದಕ್ಕೆ 1.8 ವೋಲ್ಟ್, ಎರಡನೆಯದಕ್ಕೆ 1.5 ವೋಲ್ಟ್. ಕಚ್ಚು ಕೂಡದಿದ್ದರೆ ಒತ್ತಿ ಕೂಡಿಸಬಾರದು.

ತೊಡಗಿಸಿಕೊಳ್ಳುವಿಕೆ

"ಗೋಕಾಕದ ಕರದಂಟು ಮಾಡುವವರು ಒಂದು ದಿನ ಬೆಲ್ಲವನ್ನೂ ಬದಲಿಸಿದರು, ಅಂಟನ್ನೂ ಬದಲಿಸಿದರು. ರುಚಿ ಕೆಟ್ಟಿತು. ತಪ್ಪು ಯಾವುದರದು?" ಎಂದು ಕೇಳಿದೆ. ಅರ್ಧ ತರಗತಿ ಬೆಲ್ಲ ಎಂದಿತು, ಅರ್ಧ ಅಂಟು ಎಂದಿತು. ಹಿಂದಿನ ಬೆಂಚಿನ ಹುಡುಗನೊಬ್ಬ, "ಹೇಳಾಕ ಬರೂದಿಲ್ರಿ ಟೀಚರ್, ಒಂದೊಂದ ಬದಲ್ ಮಾಡಿ ನೋಡಬೇಕ್ರಿ" ಎಂದ. ಆ ವಾಕ್ಯವನ್ನೇ ಹಲಗೆಯ ಮೇಲೆ ಬರೆದು ಪಾಠ ಮುಂದುವರಿಸಿದೆ.

ಅನ್ವೇಷಣೆ

ಮೊದಲು ಸಾಕ್ಷ್ಯ ಬೇಕಿತ್ತು. ವಿಂಡೋಸ್ ಕುಸಿದಾಗ ತಾನಾಗಿ ಮರುಚಾಲನೆಗೊಳ್ಳುವ ವ್ಯವಸ್ಥೆ ಇರುವುದರಿಂದ ದೋಷದ ಸಂದೇಶವನ್ನು ಓದಲು ಸಮಯವೇ ಸಿಗುವುದಿಲ್ಲ. ಚಾಲನೆಯ ಆರಂಭದಲ್ಲಿ ಎಫ್ 8 ಒತ್ತಿ, ತಾನಾಗಿ ಮರುಚಾಲನೆಗೊಳ್ಳುವುದನ್ನು ತಡೆಯುವ ಆಯ್ಕೆಯನ್ನು ಆರಿಸಿದೆ. ಈಗ ನೀಲಿ ಪರದೆ ನಿಂತಿತು. ಒಮ್ಮೆ 'ಮೆಮೊರಿ ಮ್ಯಾನೇಜ್‌ಮೆಂಟ್' ಎಂದೂ ಇನ್ನೊಮ್ಮೆ 'ಪೇಜ್ ಫಾಲ್ಟ್' ಎಂದು ಆರಂಭವಾಗುವ ಸಂದೇಶವೂ ಬಂದವು. ಹೀಗೆ ಸಂದೇಶ ಬದಲಾಗುತ್ತಿದ್ದರೆ ಮೆಮೊರಿಯ ಕಡೆ ನೋಡಬೇಕೆಂಬುದು ಒಂದು ಸುಳಿವು. ಸುಳಿವು ತೀರ್ಪಲ್ಲ ಎಂದು ಮಕ್ಕಳಿಗೆ ತಿಳಿಸಿದೆ.

ಗುಂಪುಗಳು ನಾಲ್ಕು ಕಾರಣಗಳನ್ನು ಕೊಟ್ಟವು: ಹೊಸ ರ‍್ಯಾಮ್ ಕೆಟ್ಟಿದೆ, ವಿಂಡೋಸ್ ಕೆಟ್ಟಿದೆ, ಕರೆಂಟು ಸಾಲದು, ಹಳೆಯದಕ್ಕೂ ಹೊಸದಕ್ಕೂ ಹೊಂದಿಕೆಯಾಗುತ್ತಿಲ್ಲ. ಹೆಚ್ಚಿನವರ ಬೆರಳು ಹೊಸ ರ‍್ಯಾಮ್ ಕಡೆಗಿತ್ತು. "ಹೊಸಾದ ಕೆಟ್ಟೈತ್ರಿ, ಅದು ಬಂದ ಮ್ಯಾಲೇ ಹಿಂಗಾಗೇತಿ" ಎಂಬುದು ಅವರ ವಾದ. ಹಳೆಯ ಪಟ್ಟಿಗೆ ನೀಲಿ ದಾರ, ಹೊಸದಕ್ಕೆ ಕೆಂಪು ದಾರ ಕಟ್ಟಿ ಪರೀಕ್ಷೆ ಆರಂಭಿಸಿದೆವು. ಒಮ್ಮೆ ಬಂದ ಫಲಿತಾಂಶ ಆಕಸ್ಮಿಕವಿರಬಹುದಾದ್ದರಿಂದ ಪ್ರತಿಯೊಂದನ್ನೂ ಮೂರು ಸಲ ನೋಡಿದೆವು.

1. ನೀಲಿ ಮಾತ್ರ, ಸ್ಲಾಟ್ 1: ಮೂರು ಸಲವೂ ಸರಿಯಾಗಿ ಚಾಲೂ ಆಯಿತು.
2. ಕೆಂಪು ಮಾತ್ರ, ಸ್ಲಾಟ್ 1: ಸರಿಯಾಗಿ ಚಾಲೂ ಆಯಿತು.
3. ನೀಲಿ ಸ್ಲಾಟ್ 1, ಕೆಂಪು ಸ್ಲಾಟ್ 2: ಕುಸಿಯಿತು.
4. ನೀಲಿ ಮಾತ್ರ, ಸ್ಲಾಟ್ 2: ಕುಸಿಯಿತು.

ಮೊದಲ ಪರೀಕ್ಷೆ ಮುಗಿದ ಕೂಡಲೇ ಮುಖ್ಯೋಪಾಧ್ಯಾಯರು ಅಂಕಗಳ ಕಡತವನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಂಡರು. ಉಳಿದ ಪರೀಕ್ಷೆಗಳು ಅದಾದ ನಂತರ ನಡೆದವು.

ವಿವರಣೆ

ಬದಲಾವಣೆಗೆ ಮುಂಚಿನ ಸ್ಥಿತಿಗೆ ಮರಳುವ ಮೊದಲ ಪರೀಕ್ಷೆಯೇ ಎಲ್ಲಕ್ಕಿಂತ ಮುಖ್ಯ. ಅದೇ ಡಿಸ್ಕು, ಅದೇ ವಿಂಡೋಸ್, ಅದೇ ಸ್ವಿಚ್‌ಬೋರ್ಡು ಇದ್ದು ಯಂತ್ರ ನಡೆಯಿತು. ಹಾಗಾದರೆ ಫಾರ್ಮ್ಯಾಟ್ ಮಾಡಿಸಿದ್ದರೆ ಅಂಕಗಳು ಹೋಗುತ್ತಿದ್ದವು, ದೋಷ ಉಳಿಯುತ್ತಿತ್ತು. ಎರಡನೆಯದು ಹೊಸ ರ‍್ಯಾಮ್ ಮೇಲಿನ ಆರೋಪವನ್ನು ತೆಗೆಯಿತು. ಮೂರನೆಯದರ ನಂತರ ತರಗತಿ ಸ್ವಲ್ಪ ಹೊತ್ತು ಸುಮ್ಮನಾಯಿತು: ಎರಡೂ ಒಳ್ಳೆಯವೇ ಆದರೆ ತಪ್ಪು ಎಲ್ಲಿದೆ? ಆಗಲೇ ಐದನೆಯ ಕಾರಣ ಪಟ್ಟಿಗೆ ಸೇರಿತು, "ಹಾಕಿದ ಜಾಗ". ನಾಲ್ಕನೆಯ ಪರೀಕ್ಷೆ ಅದನ್ನು ಎತ್ತಿ ತೋರಿಸಿತು. ಹೊಸ ವಸ್ತುವಿನ ಜೊತೆಗೆ, ಅಲ್ಲಿಯವರೆಗೆ ಬಳಸದೇ ಇದ್ದ ಸ್ಲಾಟೂ ಬಳಕೆಗೆ ಬಂದಿತ್ತು. ಒಂದೇ ಬದಲಾವಣೆ ಎಂದು ಕಂಡದ್ದು ನಿಜವಾಗಿ ಎರಡು.

ಸ್ಲಾಟಿನಲ್ಲಿ ಧೂಳು ಕಾಣುತ್ತಿತ್ತು. ಮೆತ್ತನೆಯ ಒಣ ಬ್ರಷ್ ಎತ್ತಿಕೊಂಡಾಗ ಒಬ್ಬ ಹುಡುಗಿ ತಡೆದಳು: "ಟೀಚರ್, ಈಗ ಸರಿ ಆದ್ರ ಬ್ರಷ್‌ಲಿಂದ ಆತೋ, ತಗದು ಮತ್ತ ಹಾಕಿದ್ದಕ್ಕ ಆತೋ ಹೆಂಗ ಗೊತ್ತಾಗಬೇಕ್ರಿ?" ಆದ್ದರಿಂದ ಬ್ರಷ್ ಮುಟ್ಟಿಸದೆ ಪಟ್ಟಿಯನ್ನು ತೆಗೆದು ಮತ್ತೆ ಕೂಡಿಸಿದೆವು, ಕುಸಿಯಿತು. ಬಳಿಕ ಧೂಳು ತೆಗೆದು ಕೂಡಿಸಿದೆವು. ಮೂರು ಸಲವೂ ಚಾಲೂ ಆಯಿತು. ಕೊನೆಗೆ ಎರಡೂ ಪಟ್ಟಿಗಳನ್ನು ಹಾಕಿ, ಊಟದ ಬಿಡುವಿನಲ್ಲಿ ವಿಂಡೋಸ್‌ನದೇ ಮೆಮೊರಿ ಪರೀಕ್ಷೆಯನ್ನು ಓಡಿಸಿದೆವು. ದೋಷ ತೋರಲಿಲ್ಲ. ಕೆಲವು ಮದರ್‌ಬೋರ್ಡುಗಳಲ್ಲಿ ನಿಗದಿತ ಸ್ಲಾಟನ್ನು ಮೊದಲು ತುಂಬಬೇಕು. ಆದ್ದರಿಂದ ನಾಲ್ಕನೆಯ ಪರೀಕ್ಷೆಗೆ ಮುಂಚೆ ಬೋರ್ಡಿನ ಕೈಪಿಡಿ ನೋಡಿಕೊಳ್ಳುವುದು ಅಗತ್ಯ.

ವಿಸ್ತರಣೆ

ಇನ್ನೊಂದು ಪ್ರಸಂಗವನ್ನು ಕೊಟ್ಟೆ. ಮದರ್‌ಬೋರ್ಡಿನ ಸಿಆರ್ 2032 ಎಂಬ 3 ವೋಲ್ಟಿನ ನಾಣ್ಯದಾಕಾರದ ಸೆಲ್ ಬದಲಿಸಿದ ಮೇಲೆ ವಿಂಡೋಸ್ ಚಾಲೂ ಆಗುತ್ತಿಲ್ಲ. ಡಿಸ್ಕ್ ಕೆಟ್ಟಿತೇ? ಇರಲಿಕ್ಕಿಲ್ಲ. ಸೆಲ್ ತೆಗೆದಾಗ ಬಯೋಸ್ ತನ್ನ ಮೂಲ ಹೊಂದಿಕೆಗೆ ಮರಳುತ್ತದೆ. ಗಡಿಯಾರ ಹಿಂದಕ್ಕೆ ಹೋಗುತ್ತದೆ, ಡಿಸ್ಕಿನೊಂದಿಗೆ ಮಾತಾಡುವ ವಿಧಾನ ಐಡಿಇಯಿಂದ ಎಎಚ್‌ಸಿಐಗೆ ಅಥವಾ ಅದರ ವಿರುದ್ಧವಾಗಿ ಬದಲಾಗಬಹುದು. ಇಲ್ಲಿಯೂ ಹಳೆಯ ಹೊಂದಿಕೆಗೆ ಮರಳಿ ನೋಡುವುದೇ ಮೊದಲ ಹೆಜ್ಜೆ.

ಎರಡನೆಯ ಬೋಧನೆ

ಇದೇ ಪಾಠವನ್ನು ಹುಕ್ಕೇರಿ ತಾಲೂಕಿನ ಒಂದು ಶಾಲೆಯಲ್ಲಿ ಯಂತ್ರವಿಲ್ಲದೆ ಮಾಡಿದೆ. ಫಲಿತಾಂಶಗಳನ್ನು ಕಾರ್ಡುಗಳ ಹಿಂಬದಿಯಲ್ಲಿ ಬರೆದಿದ್ದೆ. ಯಾವ ಪರೀಕ್ಷೆ ಬೇಕು, ಏಕೆ ಬೇಕು ಎಂದು ಗುಂಪು ಹೇಳಿದ ಮೇಲೆಯೇ ಕಾರ್ಡು ತಿರುವುತ್ತಿದ್ದೆ. ಮೂಡಲಗಿಯ ಮಕ್ಕಳ ಕಣ್ಣು ನನ್ನ ಕೈಗಳ ಮೇಲಿತ್ತು. ಹುಕ್ಕೇರಿಯ ಮಕ್ಕಳು ಪ್ರತಿ ಹೆಜ್ಜೆಗೂ ಕಾರಣ ಕೊಡಬೇಕಾದ್ದರಿಂದ ತಮ್ಮೊಳಗೆ ಹೆಚ್ಚು ವಾದಿಸಿದರು. ಆದರೆ ಅವರಲ್ಲೊಬ್ಬಳು, "ಕಾರ್ಡ್ ನೀವೇ ಬರದೀರಿ, ಖರೇನ ಹಂಗ ಆಗತೈತೇನ್ರಿ?" ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರಿಸಲು ಯಂತ್ರವೇ ಬೇಕು. ಮೊದಲ ಅವಧಿಯಲ್ಲಿ ಕಾರ್ಡು, ಎರಡನೆಯದರಲ್ಲಿ ಯಂತ್ರ ಎಂಬ ಕ್ರಮ ಉತ್ತಮವೆಂದು ನನ್ನ ಅಭಿಪ್ರಾಯ. 40 ನಿಮಿಷದ ಒಂದೇ ಅವಧಿ ಇದಕ್ಕೆ ಸಾಲದು. ಪ್ರತಿ ಚಾಲನೆಯೂ ಸಮಯ ತಿನ್ನುತ್ತದೆ.

ಮೌಲ್ಯಮಾಪನ

ಎರಡೂ ಶಾಲೆಗಳಲ್ಲಿ ಕೊಟ್ಟ ಪ್ರಶ್ನೆ: "ಹೊಲದ ಪಂಪ್‌ಸೆಟ್ ನಿಂತಿತು. ಮಿಸ್ತ್ರಿ ಸ್ಟಾರ್ಟರನ್ನೂ ಕೇಬಲನ್ನೂ ಒಂದೇ ಸಲ ಬದಲಿಸಿದ. ಮೋಟಾರು ಓಡಿತು. ಕೆಟ್ಟದ್ದು ಯಾವುದು?" ನಿರೀಕ್ಷಿತ ಉತ್ತರ: ಇಷ್ಟರಿಂದ ಹೇಳಲಾಗದು, ಹಳೆಯದೊಂದನ್ನು ಮರಳಿ ಹಾಕಿ ನೋಡಬೇಕು. ಹಲವರು ಒಂದು ವಸ್ತುವಿನ ಹೆಸರನ್ನೇ ಬರೆದಿದ್ದರು. 'ಹೇಳಲಾಗದು' ಎಂಬುದೂ ಪೂರ್ಣ ಅಂಕದ ಉತ್ತರವಾಗಬಹುದು ಎಂಬುದಕ್ಕೆ ಮಕ್ಕಳಿಗೆ ಇನ್ನಷ್ಟು ರೂಢಿ ಬೇಕು.

ಸಹಪ್ರಶಿಕ್ಷಣಾರ್ಥಿಗಳಿಗೆ

ನೀವು ಹೋಗುವ ಶಾಲೆಯಲ್ಲಿ ಕೆಟ್ಟು ಮೂಲೆ ಸೇರಿದ ಯಂತ್ರವೊಂದು ಸಿಕ್ಕರೆ ಅದನ್ನು ಪಾಠೋಪಕರಣವೆಂದು ನೋಡಿ. ಏನು ಬದಲಾಯಿತು, ಅದರ ಜೊತೆ ಇನ್ನೇನು ಬದಲಾಯಿತು ಎಂಬ ಎರಡು ಪ್ರಶ್ನೆಗಳನ್ನು ಹಲಗೆಯ ಮೇಲೆ ಬರೆದು, ಪ್ರತಿ ಪರೀಕ್ಷೆಯ ಫಲಿತಾಂಶವನ್ನು ಮಕ್ಕಳ ಕೈಯಿಂದಲೇ ದಾಖಲಿಸಿ. ಡಿಸ್ಕಿನಲ್ಲಿರುವುದನ್ನು ಅಳಿಸುವಂಥ ಯಾವುದೇ ಉಪಾಯ ಪಟ್ಟಿಯ ಕೊನೆಯಲ್ಲಿರಲಿ.