ಬ್ಲೇಕನ ಹೆಂಡತಿ

1782ನೆಯ ಇಸವಿಯಲ್ಲಿ ಲಂಡನಿನ ಬಳಿಯ ಬ್ಯಾಟರ್ಸೀ ಗ್ರಾಮದ ದೇವಾಲಯದಲ್ಲಿ, ಕವಿಯೂ ತಾಮ್ರದ ತಗಡಿನ ಕೆತ್ತನೆಗಾರನೂ ಆದ ವಿಲ್ಯಮ್ ಬ್ಲೇಕನಿಗೆ ಮದುವೆಯಾಯಿತು. ವಧುವಾದ ಕ್ಯಾಥರೀನಳು ವಿವಾಹದ ಪುಸ್ತಕದಲ್ಲಿ ರುಜುವಿಗೆ ಬದಲಾಗಿ ಕತ್ತರಿ ಗುರುತನ್ನು ಹಾಕಿದಳು. ಇಂಥವಳು ಗಂಡನ ಕವಿತೆಗೆ ಏನು ನೆರವಾದಾಳೆಂದು ನಾವು ಕೇಳೇವು. ಆದರೆ ಆತನು ಆಕೆಗೆ ಓದುಬರಹವನ್ನು ಕಲಿಸಿದನು. ತರುವಾಯ ಆಕೆಯು ಆತನ ತಗಡುಗಳಿಂದ ಹಾಳೆಗಳನ್ನು ಅಚ್ಚೊತ್ತುವದಕ್ಕೂ ಅವುಗಳಿಗೆ ಬಣ್ಣ ಹಾಕುವದಕ್ಕೂ ಕಲಿತಳು. ಹೆಂಡತಿಗೆ ನಮ್ಮ ಕೆಲಸದ ಬೆಲೆ ತಿಳಿಯದೆಂದು ದೂರುವ ನಾವು ಎಷ್ಟು ಸಂಜೆ ಆಕೆಯ ಬಳಿಯಲ್ಲಿ ಕೂತು ಕಲಿಸಿದ್ದೇವೆ?

ಆ ಪುಸ್ತಕಗಳನ್ನು ಕೊಂಡವರು ಸ್ವಲ್ಪ ಜನ. ಹಣವು ಮುಗಿದಾಗ ಆಕೆಯು ಜಗಳವಾಡದೆ ಊಟದ ಹೊತ್ತಿಗೆ ಬರಿಯ ತಟ್ಟೆಯನ್ನು ಆತನ ಮುಂದಿಡುತ್ತಿದ್ದಳೆಂದು ಹೇಳುತ್ತಾರೆ, ಬುದ್ಧಿವಂತೆಯೇ ಸರಿ! 1827ರಲ್ಲಿ ಆತನು ತೀರಿಕೊಂಡ ಮೇಲೆಯೂ, 1831ರಲ್ಲಿ ತಾನು ಸಾಯುವ ವರೆಗೆ, ಆಕೆಯು ಆತನ ಚಿತ್ರಗಳನ್ನು ಕಾಪಾಡಿ ಮಾರುತ್ತಿದ್ದಳು.