ಬಾಟ್ ಒಯ್ದ ಸಂದೇಶ: ತಿದ್ದುಪಡಿಯ ಹೊಣೆ ಯಾರದು?

ಲೆಕ್ಕಪುಸ್ತಕದ ಒಂದು ಪುಟದ ಮೊತ್ತವನ್ನು ಮುಂದಿನ ಪುಟಕ್ಕೆ ಒಯ್ಯುವ ಕ್ರಮವು ವರ್ತಕ ಬಂಧುಗಳಿಗೆ ಹೊಸದಲ್ಲ. ಹಿಂದಿನ ಪುಟದಲ್ಲಿ ತಪ್ಪು ಕಂಡುಬಂದು ಅದನ್ನು ತಿದ್ದಿದರೆ, ಮುಂದಿನ ಪುಟದ ಆರಂಭದ ಮೊತ್ತವನ್ನೂ ತಿದ್ದಲೇಬೇಕು. ಇಲ್ಲವಾದರೆ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗುವುದಿಲ್ಲ. ಒಂದು ಆನ್‌ಲೈನ್ ಗುಂಪಿನ ಸಂದೇಶವನ್ನು ಮತ್ತೊಂದು ಗುಂಪಿಗೆ ತಾನಾಗಿಯೇ ಒಯ್ಯುವ 'ಬಾಟ್' ಎಂಬ ತಂತ್ರಾಂಶವು ಮೊದಲನೆಯ ಕೆಲಸವನ್ನು ಬಹು ಚೆನ್ನಾಗಿ ಮಾಡುತ್ತದೆ. ಎರಡನೆಯದನ್ನು ಹೇಳಿದ ಹೊರತು ಮಾಡುವುದಿಲ್ಲ. ಇದರಿಂದ ಆಗುವ ನಷ್ಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೂಲ ತಪ್ಪು ನನ್ನದೇ ಆಗಿದ್ದುದರಿಂದ ಅದನ್ನು ಇಲ್ಲಿ ಹೇಳಲು ಸಂಕೋಚಪಡಬೇಕಿಲ್ಲ.

ಕೋವಿಡ್ ನಿಮಿತ್ತ ಕೇಂದ್ರ ಸರ್ಕಾರವು 2021ರ ಮೇ 1ರ ಅಧಿಸೂಚನೆಗಳ ಮೂಲಕ ಮಾರ್ಚ್ ಹಾಗೂ ಏಪ್ರಿಲ್ ತಿಂಗಳ ಜಿಎಸ್‌ಟಿ ಪಾವತಿಗೆ ಕೆಲವು ರಿಯಾಯಿತಿಗಳನ್ನು ನೀಡಿತು. ವಾರ್ಷಿಕ ವಹಿವಾಟು 5 ಕೋಟಿ ರೂ.ಗಳವರೆಗೆ ಇದ್ದವರಿಗೆ ಗಡುವಿನ ನಂತರದ ಮೊದಲ 15 ದಿನಗಳಿಗೆ ಬಡ್ಡಿ ಇರಲಿಲ್ಲ. ಅದಕ್ಕೆ ಮೇಲ್ಪಟ್ಟವರಿಗೆ ಅದೇ 15 ದಿನಗಳಿಗೆ ಶೇ. 18ರ ಬದಲು ಶೇ. 9ರ ಬಡ್ಡಿ ಇತ್ತು. ವರ್ತಕರ ಟೆಲಿಗ್ರಾಂ ಗುಂಪೊಂದರಲ್ಲಿ ಇದನ್ನು ತಿಳಿಸುವ ಅವಸರದಲ್ಲಿ ನಾನು '15 ದಿನ ಬಡ್ಡಿ ಇಲ್ಲ' ಎಂದಷ್ಟೇ ಬರೆದೆ. ಒಂದು ಗಂಟೆಯೊಳಗೆ ತಪ್ಪು ಹೊಳೆದು, ಅದೇ ಸಂದೇಶವನ್ನು ತಿದ್ದಿ, ನಿಶ್ಚಿಂತನಾದೆ.

ಆ ವರ್ಷದ ಲೆಕ್ಕಪರಿಶೋಧನೆಗೆ ಬಂದ ಬೇರೆ ಊರಿನ ಗ್ರಾಹಕರೊಬ್ಬರು ಮೇ 20ರಂದು ಕಟ್ಟಬೇಕಿದ್ದ 20 ಲಕ್ಷ ರೂ. ತೆರಿಗೆಯನ್ನು ಜೂನ್ 1ರಂದು ಕಟ್ಟಿದ್ದರು. ವಹಿವಾಟು 5 ಕೋಟಿಗೆ ಮೇಲ್ಪಟ್ಟು. ಹನ್ನೆರಡು ದಿನಗಳಿಗೆ ಶೇ. 9ರಂತೆ 5,918 ರೂ. ಬಡ್ಡಿ. ನಾನು ಕೇಳಿದಾಗ, "ಬಡ್ಡಿ ಇಲ್ಲ ಅಂತ ನಮ್ಮ ಗ್ರೂಪಲ್ಲಿ ಬಂದಿತ್ತಲ್ಲ ಸಾರ್, ದುಡ್ಡು ಬ್ಯಾಂಕಲ್ಲೇ ಇತ್ತು" ಎಂದು ಫೋನ್ ತೆರೆದು ತೋರಿಸಿದರು. ಬರೆದವರ ಹೆಸರಿರಲಿಲ್ಲ. ಆದರೆ ಒಕ್ಕಣೆ ನನ್ನದೇ. ಯಾರೋ ಇರಿಸಿದ್ದ ಬಾಟ್ ನನ್ನ ಮೊದಲ ಬರಹವನ್ನು ಕ್ಷಣಮಾತ್ರದಲ್ಲಿ ಅವರ ಗುಂಪಿಗೆ ತಲುಪಿಸಿತ್ತು, ತಿದ್ದುಪಡಿಯನ್ನು ತಲುಪಿಸಿರಲಿಲ್ಲ. ಮೊತ್ತ ದೊಡ್ಡದಲ್ಲ. ಆ ಗುಂಪಿನಲ್ಲಿ ಇನ್ನೆಷ್ಟು ಮಂದಿ ಅದನ್ನು ನಂಬಿದರೋ ಎಂಬ ಯೋಚನೆ ಮಾತ್ರ ಇಂದಿಗೂ ಕಾಡುತ್ತದೆ.

ಹೀಗಾಗುವುದಕ್ಕೆ ಕಾರಣ ಸರಳ. ಟೆಲಿಗ್ರಾಂ 2015ರಲ್ಲಿ ಬಾಟ್‌ಗಳಿಗೆ ಅವಕಾಶ ಕಲ್ಪಿಸಿತು. ಬಾಟ್ ಸಂದೇಶವನ್ನು ಎರಡು ರೀತಿಯಲ್ಲಿ ಒಯ್ಯಬಲ್ಲದು. 'ಫಾರ್ವರ್ಡ್' ವಿಧಾನದಲ್ಲಿ ಅದು ಎಲ್ಲಿಂದ ಬಂದಿತೆಂಬ ಗುರುತು ಸಾಮಾನ್ಯವಾಗಿ ಉಳಿಯುತ್ತದೆ. 'ಕಾಪಿ' ವಿಧಾನದಲ್ಲಿ ಆ ಗುರುತು ಕಳಚಿ, ಬಾಟ್ ಇರಿಸಿದವರೇ ಬರೆದಂತೆ ಕಾಣುತ್ತದೆ. ಎರಡರಲ್ಲಿಯೂ ಒಮ್ಮೆ ಹೋದ ಪ್ರತಿಯು ಮೂಲದೊಡನೆ ತಾನಾಗಿ ಬದಲಾಗದು. ಮೂಲ ಸಂದೇಶವನ್ನು ತಿದ್ದಿದ ಸೂಚನೆಯು ಬಾಟ್‌ಗೆ ಪ್ರತ್ಯೇಕವಾಗಿ ಬರುತ್ತದಾದರೂ, ಅದನ್ನು ಗಮನಿಸಿ ಪ್ರತಿಯನ್ನೂ ತಿದ್ದುವಂತೆ ತಂತ್ರಾಂಶ ಬರೆದವರು ಏರ್ಪಡಿಸಿರಬೇಕು.

ಇನ್ನು ಕಾನೂನಿನ ವಿಚಾರ. ಯಾವುದನ್ನು ಮುಕ್ತವಾಗಿ ಒಯ್ಯಬಹುದು? 1957ರ ಕೃತಿಸ್ವಾಮ್ಯ ಅಧಿನಿಯಮದ ಕಲಂ 52(1)(ಕ್ಯೂ) ಪ್ರಕಾರ ರಾಜ್ಯಪತ್ರದಲ್ಲಿ ಪ್ರಕಟವಾದ ಅಧಿಸೂಚನೆಯನ್ನು ಯಾರು ಬೇಕಾದರೂ ಪುನಃ ಪ್ರಕಟಿಸಬಹುದು. ನ್ಯಾಯಾಲಯವು ನಿಷೇಧಿಸದಿದ್ದರೆ ತೀರ್ಪುಗಳಿಗೂ ಇದು ಅನ್ವಯ. ಆದರೆ ಅಧಿಸೂಚನೆಯ ಮೇಲೆ ಲೆಕ್ಕಪರಿಶೋಧಕರು ಬರೆದ ಟಿಪ್ಪಣಿ ಅಥವಾ ಪತ್ರಿಕೆಯ ಲೇಖನ ಹಾಗಲ್ಲ. ತೀರ್ಪಿನ ಮೂಲ ಪಾಠ ಮುಕ್ತವಾದರೂ, ಸಂಪಾದಕರು ಬುದ್ಧಿಶ್ರಮದಿಂದ ಸೇರಿಸಿದ ಭಾಗಗಳಿಗೆ ರಕ್ಷಣೆಯುಂಟೆಂದು ಸರ್ವೋಚ್ಚ ನ್ಯಾಯಾಲಯವು 2007ರ ಡಿಸೆಂಬರ್‌ನಲ್ಲಿ ಈಸ್ಟರ್ನ್ ಬುಕ್ ಕಂಪನಿಯ ಪ್ರಕರಣದಲ್ಲಿ ಹೇಳಿದೆ. ದೈನಿಕ ಜಾಗರಣ್ ಪತ್ರಿಕೆಯ ಇ-ಪೇಪರ್ ಟೆಲಿಗ್ರಾಂ ಚಾನೆಲ್‌ಗಳಲ್ಲಿ ಹರಿದಾಡಿದಾಗ ದೆಹಲಿ ಉಚ್ಚ ನ್ಯಾಯಾಲಯವು 2020ರ ಮೇ ತಿಂಗಳಲ್ಲಿ, ಆ ಚಾನೆಲ್‌ಗಳನ್ನು 48 ಗಂಟೆಗಳಲ್ಲಿ ತೆಗೆಯುವಂತೆಯೂ, ನಡೆಸುತ್ತಿದ್ದವರ ವಿವರ ನೀಡುವಂತೆಯೂ ಮಧ್ಯಂತರ ಆದೇಶ ಮಾಡಿತು. ತಿಳಿದೂ ಉಲ್ಲಂಘಿಸಿದವರಿಗೆ ಕಲಂ 63ರಡಿ ಮೂರು ವರ್ಷಗಳವರೆಗೆ ಕಾರಾಗೃಹವಾಸ ಮತ್ತು 2 ಲಕ್ಷ ರೂ.ಗಳವರೆಗೆ ದಂಡವಿದೆ.

"ಕಳುಹಿಸಿದ್ದು ಯಂತ್ರ, ನಾನಲ್ಲ" ಎಂಬ ವಾದವನ್ನು ಕೆಲವು ಸದಸ್ಯರು ಮುಂದಿಡುತ್ತಾರೆ. 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ಕಲಂ 79 ಮಧ್ಯವರ್ತಿಗಳಿಗೆ ರಕ್ಷಣೆ ನೀಡುವುದು ನಿಜ. ಆದರೆ ಕೇವಲ ಸಂದೇಶ ಸಾಗಿಸುವ ಮಧ್ಯವರ್ತಿಯು ರವಾನೆಯನ್ನು ತಾನೇ ಆರಂಭಿಸಿರಬಾರದು, ಪಡೆಯುವವರನ್ನು ಆರಿಸಿರಬಾರದು, ಮಾಹಿತಿಯನ್ನು ಆರಿಸಿರಬಾರದು ಅಥವಾ ಮಾರ್ಪಡಿಸಿರಬಾರದು ಎಂಬುದು ಅಲ್ಲಿನ ಷರತ್ತು. ಯಾವ ಗುಂಪಿನಿಂದ ಯಾವ ಗುಂಪಿಗೆ ಎಂದು ತಾನೇ ನಿಶ್ಚಯಿಸಿ, ಬರೆದವರ ಹೆಸರನ್ನು ಕಳಚಿ ಹಾಕುವವರು ಈ ಕಲಮಿನ ಆಶ್ರಯ ಪಡೆಯುವುದು ಕಷ್ಟವೆಂದು ನನ್ನ ಅಭಿಪ್ರಾಯ. ಗುಮಾಸ್ತನು ಕಳುಹಿಸಿದ ಪತ್ರಕ್ಕೆ ಮಾಲೀಕರು ಹೊಣೆಯಾಗುವಂತೆಯೇ ಇದು.

ಆದ್ದರಿಂದ ಬಾಟ್ ಬೇಡವೇ? ಖಂಡಿತ ಬೇಕು. ಜಿಲ್ಲಾ, ತಾಲ್ಲೂಕು ಗುಂಪುಗಳಿಗೆಲ್ಲ ಒಂದೇ ಸುತ್ತೋಲೆಯನ್ನು ಕೈಯಿಂದ ಕಳುಹಿಸುತ್ತ ಕುಳಿತರೆ ಕಚೇರಿಯ ಕೆಲಸ ಸಾಗದು. ಬಾಟ್ ಇರಿಸುವ ಸಂಘದವರು ಮೂಲ ಗುಂಪಿನ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಲಿ. ಕಾಪಿ ಬಿಟ್ಟು ಫಾರ್ವರ್ಡ್ ವಿಧಾನವನ್ನೇ ಬಳಸಲಿ. ಮೂಲ ತಿದ್ದಲ್ಪಟ್ಟರೆ ಹಳೆಯ ಪ್ರತಿಯನ್ನು ತೆಗೆದು ಹೊಸದನ್ನು ಕಳುಹಿಸುವಂತೆ ತಂತ್ರಾಂಶ ಬರೆದವರಿಗೆ ಹೇಳಲಿ. ಗಡುವು ಮತ್ತು ಬಡ್ಡಿಗೆ ಸಂಬಂಧಿಸಿದ ಸಂದೇಶಗಳನ್ನಂತೂ ಒಬ್ಬ ಜವಾಬ್ದಾರಿಯುತ ವ್ಯಕ್ತಿ ಓದಿ ನೋಡುವವರೆಗೆ ತಡೆಹಿಡಿಯುವುದು ಲೇಸು.

ನನ್ನ ಮಟ್ಟಿಗೆ ಒಂದು ರೂಢಿ ಬದಲಾಗಿದೆ. ತೆರಿಗೆಯ ಸಂದೇಶದ ಮೊದಲ ಸಾಲಿನಲ್ಲಿಯೇ ಅಧಿಸೂಚನೆಯ ಸಂಖ್ಯೆ, ದಿನಾಂಕ ಮತ್ತು ಅದು ಯಾರಿಗೆ ಅನ್ವಯವೆಂಬುದನ್ನು ಬರೆಯುತ್ತೇನೆ. ತಪ್ಪಾದರೆ ಹಳೆಯ ಸಂದೇಶವನ್ನು ತಿದ್ದಿ ಸುಮ್ಮನಾಗದೆ, 'ತಿದ್ದುಪಡಿ' ಎಂಬ ತಲೆಬರಹದಡಿ ಹೊಸ ಸಂದೇಶವನ್ನೇ ಹಾಕುತ್ತೇನೆ. ತಿದ್ದಿದ್ದನ್ನು ಗಮನಿಸದ ಬಾಟ್ ಕೂಡ ಹೊಸ ಸಂದೇಶವನ್ನು ಬಿಡದೆ ಒಯ್ಯುತ್ತದೆ.