ಚಿತ್ರ, ಗಣಕಯಂತ್ರ ಮತ್ತು ಪದಸಂಪತ್ತಿನ ಬೋಧನೆ

ಹಿಂದೂಪುರ, ಕಲ್ಯಾಣದುರ್ಗ ಪರಿಸರದ ಕನ್ನಡ ಮಾಧ್ಯಮ ಶಾಲೆಗೆ ಬರುವ ಮಗು ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ತೆಲುಗನ್ನೂ ಕೇಳುತ್ತ ಬೆಳೆಯುತ್ತದೆ. ವಸ್ತುವಿನ ಪರಿಚಯ ಅದಕ್ಕೆ ಚೆನ್ನಾಗಿಯೇ ಇರುತ್ತದೆ. ಕನ್ನಡದ ಹೆಸರು ಮಾತ್ರ ಎಷ್ಟೋ ವೇಳೆ ಬಾಯಿಗೆ ಬರುವುದಿಲ್ಲ. ದಿನವೂ ಕೆರೆಯನ್ನು ನೋಡುವ ಮಗು ಅದನ್ನು ‘ಚೆರುವು’ ಎನ್ನುತ್ತದೆ. ಪಠ್ಯದಲ್ಲಿನ ‘ಕೆರೆ’ ತನ್ನೂರಿನ ಆ ನೀರೇ ಎಂಬುದು ಹೊಳೆಯದಿದ್ದರೆ ಪರಿಸರ ವಿಜ್ಞಾನದ ಪಾಠವೂ ಕಂಠಪಾಠವಾಗಿಯೇ ಉಳಿಯುತ್ತದೆ. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಯ ಸೌಲಭ್ಯವಿರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಆ ಆಶಯ ಕೈಗೂಡಬೇಕಾದುದು ತರಗತಿಯಲ್ಲಿ.

ತತ್ತ್ವ

ಚಿತ್ರದ ಮೂಲಕ ಪದ ಕಲಿಸುವ ಕ್ರಮ ಹಳೆಯದು. ಶಿಕ್ಷಣತಜ್ಞ ಕೊಮೀನಿಯಸ್ 1658ರಲ್ಲಿ ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳ ಸಚಿತ್ರ ಬಾಲಪಠ್ಯವನ್ನು ಪ್ರಕಟಿಸಿದನು. ಚಿತ್ರದ ಭಾಗಗಳಿಗೆ ಕೊಟ್ಟ ಅಂಕಿಯನ್ನೇ ಅವುಗಳ ಹೆಸರಿಗೂ ಕೊಟ್ಟಿದ್ದನು. ಮಾತು ಮತ್ತು ಚಿತ್ರ ಎರಡರ ಮೂಲಕವೂ ಗ್ರಹಿಸಿದ್ದು ನೆನಪಿನಲ್ಲಿ ಹೆಚ್ಚು ನಿಲ್ಲುತ್ತದೆಂಬುದನ್ನು ಮನೋವಿಜ್ಞಾನಿ ಅಲನ್ ಪೈವಿಯೊ 20ನೆಯ ಶತಮಾನದಲ್ಲಿ ವಿವರಿಸಿದನು.

ಪದಗಳ ಆಯ್ಕೆ

1. ಕೈಗೆ ಸಿಗುವ ವಸ್ತುಗಳು: ಕಡಲೆಕಾಯಿ, ಹುಣಸೆ, ರಾಗಿ ಮೊದಲಾದವಕ್ಕೆ ಗಣಕಯಂತ್ರ ಬೇಡ, ವಸ್ತುವನ್ನೇ ತರಗತಿಗೆ ತರಬೇಕು.

2. ಬದಲಾವಣೆಯನ್ನು ಸೂಚಿಸುವ ಪದಗಳು: ಹಿಂದೂಪುರದ ಸುತ್ತ ರೇಷ್ಮೆ ಕೃಷಿಯುಂಟು. ಮೊಟ್ಟೆ, ಹುಳು, ಗೂಡು, ಪತಂಗ ಎಂಬ ನಾಲ್ಕು ಚಿತ್ರಗಳನ್ನು ಕ್ರಮವಾಗಿ ತೋರಿಸಿದರೆ ‘ಮೊಟ್ಟೆಯೊಡೆ’, ‘ಮೇಯು’, ‘ಗೂಡು ಕಟ್ಟು’ ಎಂಬ ಕ್ರಿಯಾಪದಗಳೂ ಜೊತೆಯಲ್ಲೇ ಬರುತ್ತವೆ. ಕಲ್ಯಾಣದುರ್ಗದ ಮಕ್ಕಳಿಗೆ ಕಡಲೆಕಾಯಿಯ ಹೂವಿನಿಂದ ಹೊರಟ ಎಳೆ ಮಣ್ಣಿಗಿಳಿದು ಕಾಯಿಕಟ್ಟುವ ಚಿತ್ರಸರಣಿ ಸೂಕ್ತ.

3. ಬಳಕೆ ತಪ್ಪುತ್ತಿರುವ ವಸ್ತುಗಳು: ಟ್ರ್ಯಾಕ್ಟರನ್ನಷ್ಟೇ ಕಂಡ ಮಗುವಿಗೆ ನೊಗ, ಮೇಣಿ, ಕುಳ ಎಂಬ ನೇಗಿಲಿನ ಮಾತುಗಳು ಚಿತ್ರವಿಲ್ಲದೆ ತಿಳಿಯಲಾರವು.

ತೆಲುಗಿನ ನೆರವು

ತೆಲುಗಿನಲ್ಲಿ ಪುಲಿ, ಪಾಮು, ಪಂದಿ. ಕನ್ನಡದಲ್ಲಿ ಹುಲಿ, ಹಾವು, ಹಂದಿ. ಹಾಗೆಯೇ ಚೆವಿ–ಕಿವಿ, ಚೆರುವು–ಕೆರೆ. ಇಂತಹ ಜೋಡಿಗಳನ್ನು ಒಂದೊಂದು ಚಿತ್ರದ ಕೆಳಗೆ ಇರಿಸಿದರೆ ಪಕಾರ–ಹಕಾರ, ಚಕಾರ–ಕಕಾರಗಳ ಸಂಬಂಧವನ್ನು ಮಕ್ಕಳೇ ಗುರುತಿಸುತ್ತಾರೆ. ಆದರೆ ರೂಪ ಒಂದೇ ಇದ್ದು ಅರ್ಥ ಬೇರೆಯಾಗುವ ಪದಗಳಲ್ಲಿ ಎಚ್ಚರ ಬೇಕು. ‘ತಿಂಡಿ’ ತೆಲುಗಿನಲ್ಲಿ ಒಟ್ಟು ಆಹಾರ, ಕನ್ನಡದಲ್ಲಿ ಉಪಾಹಾರ. ಇಲ್ಲಿ ಊಟದ ತಟ್ಟೆ ಮತ್ತು ಇಡ್ಲಿಯ ತಟ್ಟೆ, ಎರಡು ಚಿತ್ರಗಳೂ ಬೇಕಾಗುತ್ತವೆ.

ಬೋಧನಾ ಕ್ರಮ

ಮೊದಲು ಅಕ್ಷರವಿಲ್ಲದ ಚಿತ್ರವನ್ನು ತೋರಿಸಬೇಕು. ಮಗು ತೆಲುಗಿನಲ್ಲಿ ಹೇಳಿದರೆ ಅದನ್ನು ತಪ್ಪೆನ್ನದೆ ಸ್ವೀಕರಿಸಿ, ಕನ್ನಡ ಪದವನ್ನು ಸ್ಪಷ್ಟವಾಗಿ ಉಚ್ಚರಿಸಬೇಕು. ಬಳಿಕ ಪದ ಪರದೆಯ ಮೇಲೆ ಮೂಡಲಿ. ಮಗು ಅದನ್ನು ವಾಕ್ಯದಲ್ಲಿ ಬಳಸಲಿ. ಕೊನೆಗೆ ಕೀಲಿಮಣೆಯಲ್ಲಿ ಬರೆಯಲಿ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಕನ್ನಡದ ‘ಕ’ ಮತ್ತು ತೆಲುಗಿನ ‘ಕ’ ಒಂದೇ ಕೀಲಿಯಲ್ಲಿರುವುದರಿಂದ ಒಮ್ಮೆ ಕಲಿತದ್ದು ಎರಡು ಭಾಷೆಗೂ ಒದಗುತ್ತದೆ. ಬರಹ ಯೂನಿಕೋಡ್‌ನಲ್ಲಿದ್ದರೆ ಬೇರೆ ಯಂತ್ರದಲ್ಲಿಯೂ ಅಕ್ಷರ ಕೆಡುವುದಿಲ್ಲ. ಒಂದೇ ಯಂತ್ರವಿರುವ ಶಾಲೆಯಲ್ಲಿ ಒಂದು ಗುಂಪು ಯಂತ್ರದ ಮುಂದೆ, ಉಳಿದವು ಚಿತ್ರಪಟ್ಟಿಗಳೊಡನೆ ಕೆಲಸ ಮಾಡಬಹುದು. ವಿದ್ಯುತ್ ಹೋದಾಗಲೂ ಅವೇ ಪಟ್ಟಿಗಳು ಒದಗುತ್ತವೆ.

ಮಿತಿ ಮತ್ತು ಮೌಲ್ಯಮಾಪನ

ಅಂತರಜಾಲದ ಚಿತ್ರಗಳು ಹಲವೊಮ್ಮೆ ಪರದೇಶದವು. ಊರಿನ ಕೆರೆ, ಸಂತೆ, ಲೇಪಾಕ್ಷಿಯ ಬಸವಣ್ಣನ ಛಾಯಾಚಿತ್ರಗಳನ್ನು ಶಿಕ್ಷಕರೇ ತೆಗೆದಿಡುವುದು ಲೇಸು. ‘ಪ್ರಾಮಾಣಿಕತೆ’, ‘ತಾಳ್ಮೆ’ಗಳನ್ನು ಚಿತ್ರಕ್ಕಿಂತ ಕಥೆಯೇ ಚೆನ್ನಾಗಿ ತಿಳಿಸುತ್ತದೆ. ವಾರದ ನಂತರ ಅದೇ ವಸ್ತುವಿನ ಬೇರೊಂದು ಚಿತ್ರವನ್ನು ತೋರಿಸಬೇಕು. ಬೇರೆ ಊರಿನ ನೀರನ್ನು ನೋಡಿಯೂ ಮಗು ‘ಕೆರೆ’ ಎಂದರೆ, ಅದು ಚಿತ್ರವನ್ನಲ್ಲ, ಪದವನ್ನೇ ಕಲಿತಿದೆ ಎಂದು ತಿಳಿಯಬಹುದು.